ಸಾಂಟೊರಿನಿ ಬೇಡ ಎನ್ನುವವರಿಗೆ: ಮೆಡಿಟರೇನಿಯನ್‌ನ ಪುಟ್ಟ ದ್ವೀಪದೂರುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಸರಿ, ಊರ ಜಾತ್ರೆಗೆ ಹೋದರೂ ಸರಿ, ಯಾರಾದರೂ ಒಬ್ಬರು ಪಕ್ಕಕ್ಕೆ ಸರಿದು ಕೇಳಿಯೇ ಕೇಳುತ್ತಾರೆ: "ಮಗಳು ಜರ್ಮನಿಯಲ್ಲಿದ್ದಾಳೆ, ಈ ಸಲ ಹೋಗುತ್ತಿದ್ದೇವೆ, ನೀವು ಸುತ್ತಿದ ಆ ದ್ವೀಪಗಳಿಗೆ ಹೋಗುವುದು ಹೇಗೆ?" ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಬರೆದು ಸಾಕಾಗಿ, ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಕುಂದಾಪುರದ ಕಡೆಯವನು. ಸಮುದ್ರ ಕಂಡರೆ ಕುಣಿದಾಡುವ ಪೈಕಿಯಲ್ಲ. ಇದನ್ನು ನೆನಪಿಟ್ಟುಕೊಂಡು ಓದಿ.

ಗ್ರೀಸಿನ ಸಾಂಟೊರಿನಿ, ಇಟಲಿಯ ಕ್ಯಾಪ್ರಿ ಬಿಟ್ಟು ಯಾರೂ ಹೆಸರು ಕೇಳದ ದ್ವೀಪಗಳಿಗೆ ಯಾಕೆ ಹೋಗಬೇಕು?

ಹೋಗಲೇಬೇಕು ಅಂತೇನಿಲ್ಲ. ಸಾಂಟೊರಿನಿಯ ಜ್ವಾಲಾಮುಖಿಯ ಅಂಚಿನಲ್ಲಿ ನಿಂತು ಕೆಳಗಿನ ನೀರು ನೋಡುವುದು ದೊಡ್ಡ ನೋಟವೇ. ಆದರೆ ಆಗಸ್ಟಿನಲ್ಲಿ ಅಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಹೋದವರು, ಮುಂದೆ ನಿಂತವನು ಎತ್ತಿ ಹಿಡಿದ ಮೊಬೈಲಿನಲ್ಲೇ ನೋಡಿ ಬರುತ್ತಾರೆ.

ದ್ವೀಪ ಆರಿಸುವಾಗ ನನ್ನ ಜರಡಿ ಒಂದೇ: ಒಂದು ವರ್ಷ ಪ್ರವಾಸಿಗರು ಕಾಲಿಡದಿದ್ದರೂ ಈ ಊರಿನಲ್ಲಿ ಒಲೆ ಉರಿಯುತ್ತದೆಯೇ? ಪ್ರೊಚಿದಾದ ಗಂಡಸರು ತಲೆಮಾರುಗಳಿಂದ ಹಡಗಿನ ಕೆಲಸಕ್ಕೆ ಹೋಗುವವರು, ನಾವಿಕರ ಶಾಲೆ ದ್ವೀಪದಲ್ಲೇ ಇದೆ. ಖಿಯೋಸ್‌ನ ದಕ್ಷಿಣದ ಹಳ್ಳಿಗಳನ್ನು ಸಾಕಿದ್ದು ಒಂದು ಗಿಡ್ಡ ಮರದ ಅಂಟು. ಕಾರ್ಲೊಫೋರ್ತೆಗೆ ಟ್ಯೂನಾ ಮೀನು, ವಿಸ್‌ಗೆ ದ್ರಾಕ್ಷಿ ಮತ್ತು ಮೀನು. ಇಂಥ ಊರಿನಲ್ಲಿ ನೀವು ಗಿರಾಕಿಯಲ್ಲ, ಬಂದ ನೆಂಟ. ಒಮ್ಮೊಮ್ಮೆ ಯಾರೂ ಕ್ಯಾರೇ ಅನ್ನದ ನೆಂಟ, ಅದೂ ಹಿತವೇ.

ನಾಲ್ಕೂ ಹೆಸರು ಹೊಸದು. ಎಲ್ಲೆಲ್ಲಿವೆ?

ಪ್ರೊಚಿದಾ ಇಟಲಿಯ ನೇಪಲ್ಸ್ ಕೊಲ್ಲಿಯಲ್ಲಿದೆ. ನಾಲ್ಕು ಚದರ ಕಿಲೋಮೀಟರ್ ಚಿಲ್ಲರೆ ಜಾಗದಲ್ಲಿ ಹತ್ತು ಸಾವಿರದಷ್ಟು ಜನ. ಖಿಯೋಸ್ ಗ್ರೀಸಿನ ಪೂರ್ವದ ಅಂಚಿನಲ್ಲಿದೆ, ಟರ್ಕಿಯ ದಂಡೆ ಎದುರಿಗೇ ಕಾಣುತ್ತದೆ. ವಿಸ್ ಕ್ರೊಯೇಷಿಯಾದ್ದು, ಸ್ಪ್ಲಿಟ್ ಬಂದರಿನಿಂದ ಫೆರ್ರಿಯಲ್ಲಿ ಎರಡೂಕಾಲು ತಾಸಿನ ಆಸುಪಾಸು. ಕಾರ್ಲೊಫೋರ್ತೆ ಇರುವುದು ಇಟಲಿಯದೇ ಆದ ಸಾರ್ಡೀನಿಯಾದ ನೈಋತ್ಯ ಮೂಲೆಯ ಸಾನ್ ಪಿಯೆತ್ರೊ ಎಂಬ ದ್ವೀಪದಲ್ಲಿ, ಆ ದ್ವೀಪಕ್ಕೆ ಇರುವುದು ಅದೊಂದೇ ಊರು. ಎಲ್ಲ ಕಡೆಯೂ ಯೂರೋ ನಡೆಯುತ್ತದೆ. ಕ್ರೊಯೇಷಿಯಾ 2023ರ ಜನವರಿ 1ರಂದು ಯೂರೋವನ್ನೂ ಷೆಂಗೆನ್ ಅನ್ನೂ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಕೂಟ) ಒಟ್ಟಿಗೆ ಸೇರಿತು.

ಒಂದೇ ಒಂದು ದ್ವೀಪಕ್ಕೆ ಹೋಗಲು ರಜೆ ಇದೆ. ಯಾವುದು?

ಖಿಯೋಸ್. ಯೋಚನೆ ಮಾಡದೆ ಹೇಳುತ್ತೇನೆ.

ಬಂದರಿನಲ್ಲಿ ಇಳಿದ ಕೂಡಲೇ ಬೇಸರವಾಗುತ್ತದೆ. ಕಾಂಕ್ರೀಟ್ ಕಟ್ಟಡ, ಬೈಕುಗಳ ಗದ್ದಲ. ಪಟ ಹಾಕಿ ಮಾರುವ ಗ್ರೀಸ್ ಅಲ್ಲಿಲ್ಲ. ಅಲ್ಲಿ ಒಂದು ರಾತ್ರಿಗಿಂತ ಹೆಚ್ಚು ಉಳಿಯಬೇಡಿ. ದಕ್ಷಿಣಕ್ಕೆ ಹೋಗಿ.

ಪಿರ್ಗಿ ಎಂಬ ಹಳ್ಳಿಯಲ್ಲಿ ಮನೆಗಳ ಗೋಡೆಗೆಲ್ಲ ಬೂದು-ಬಿಳಿ ಚಿತ್ತಾರ: ತ್ರಿಕೋನ, ವಜ್ರಾಕಾರ, ಅರ್ಧಚಂದ್ರ, ಸಾಲು ಸಾಲಾಗಿ ಮಾಳಿಗೆಯವರೆಗೆ. ಇದು ಬಳಿದ ಬಣ್ಣವಲ್ಲ, ಕೆರೆದದ್ದು. ಕಪ್ಪು ಮರಳಿನ ಗಾರೆ ಮೆತ್ತಿ, ಅದರ ಮೇಲೆ ಸುಣ್ಣ ಬಳಿದು, ಹಸಿ ಇರುವಾಗಲೇ ಅಳತೆ ಹಾಕಿಕೊಂಡು ಸುಣ್ಣ ಕೆರೆದು ತೆಗೆಯುತ್ತಾರೆ. ಒಳಗಿನ ಬೂದು ಬಣ್ಣ ಎದ್ದು ಬರುತ್ತದೆ. ಕೆರೆಯುವ ಆಯುಧ ಊಟದ ಫೋರ್ಕು! ಸಾಗರ, ಸೊರಬದ ಕಡೆಯ ಹಸೆ ಚಿತ್ತಾರ ನೋಡಿದವರಿಗೆ ಆ ಗೋಡೆಗಳ ಮುಂದೆ ಕಾಲು ಕೀಳಲು ಆಗುವುದಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಬಾಲ್ಕನಿಗಳಿಂದ ಸಣ್ಣ ಟೊಮೆಟೊ ಗೊಂಚಲುಗಳನ್ನು ದಾರಕ್ಕೆ ಪೋಣಿಸಿ ಇಳಿಬಿಟ್ಟಿರುತ್ತಾರೆ, ಚಳಿಗಾಲದ ಅಡುಗೆಗೆ. ಬೂದು-ಬಿಳಿ ಗೋಡೆಯ ಮುಂದೆ ಆ ಕೆಂಪು.

ಅಲ್ಲಿಂದ ಮೆಸ್ತಾಕ್ಕೆ ಹೋಗಿ. ಊರೇ ಕೋಟೆ. ಹೊರಸುತ್ತಿನ ಮನೆಗಳ ಹಿಂಗೋಡೆಗಳೇ ಒಂದಕ್ಕೊಂದು ಅಂಟಿ ಕೋಟೆ ಗೋಡೆಯಾಗಿವೆ, ಹೊರಮುಖಕ್ಕೆ ಕಿಟಕಿ ಇರಲಿಲ್ಲ. ಓಣಿಗಳ ಮೇಲೆ ಕಲ್ಲಿನ ಕಮಾನು, ಕಮಾನಿನ ಮೇಲೆ ಯಾರದೋ ಮನೆಯ ಕೋಣೆ. ಮಾಳಿಗೆಗಳೆಲ್ಲ ಹೆಚ್ಚೂ ಕಡಿಮೆ ಒಂದೇ ಎತ್ತರ. ಕಡಲ್ಗಳ್ಳರು ಒಳಗೆ ನುಗ್ಗಿದರೆ ಮಾಳಿಗೆಯಿಂದ ಮಾಳಿಗೆಗೆ ಓಡಿ ನಡುಗೋಪುರ ಸೇರಬಹುದಿತ್ತು. ನಾನು ಮೂರು ದಿನ ಅಲ್ಲಿದ್ದು ಮೂರೂ ದಿನ ದಾರಿ ತಪ್ಪಿದೆ. ಮೂರನೆಯ ದಿನ ಬಾಗಿಲಲ್ಲಿ ಕೂತಿದ್ದ ಅಜ್ಜಿ ನಾನು ಕೇಳುವ ಮೊದಲೇ ಕೈ ತೋರಿಸಿದರು.

ಅಷ್ಟು ಭದ್ರ ಮಾಡಿ ಕಾಯುವಂಥದ್ದು ಆ ಹಳ್ಳಿಗಳಲ್ಲಿ ಏನಿತ್ತು?

ಅಂಟು. ಮಸ್ತಿಕಾ ಎನ್ನುತ್ತಾರೆ. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ, ಯುನಾನಿ ಔಷಧದವರ ಹತ್ತಿರ "ರೂಮಿ ಮಸ್ತಗಿ" ಅಂತ ಸಿಗುತ್ತದಲ್ಲ, ಅದೇ. ಪಿಸ್ತಾ ಜಾತಿಗೆ ಸೇರಿದ ಈ ಮರದ ನಂಟರು ಮೆಡಿಟರೇನಿಯನ್ ಸುತ್ತಲೂ ಇದ್ದಾರೆ. ಆದರೆ ಈ ಮಟ್ಟದ ಅಂಟು ಕಸುಬಾಗಿ ನಿಂತಿರುವುದು ಖಿಯೋಸ್‌ನ ದಕ್ಷಿಣ ಭಾಗದಲ್ಲಿ, 24 ಹಳ್ಳಿಗಳಲ್ಲಿ.

ಕೆಲಸ ನೋಡಿದರೆ ಮಲೆನಾಡಿನ ಹಾಲುಮಡ್ಡಿ, ರಬ್ಬರ್ ಟ್ಯಾಪಿಂಗ್ ನೆನಪಾಗುತ್ತದೆ. ಮೊದಲು ಮರದ ಬುಡ ಗುಡಿಸಿ, ಮಟ್ಟ ಮಾಡಿ, ಬಿಳಿ ಸುಣ್ಣದ ಕಲ್ಲಿನ ಪುಡಿ ಹರಡುತ್ತಾರೆ, ಅಂಗಳಕ್ಕೆ ರಂಗೋಲಿ ಪುಡಿ ಚೆಲ್ಲಿದ ಹಾಗೆ. ಮುಂಗೈ ಉದ್ದದ ಮೊನಚು ಉಳಿಯಿಂದ ತೊಗಟೆಗೆ ಸಣ್ಣ ಸಣ್ಣ ಗೀರು ಹಾಕುತ್ತಾರೆ, ಬೇಸಿಗೆಯ ಕೆಲವು ವಾರ ಮತ್ತೆ ಮತ್ತೆ. ಗೀರಿನಿಂದ ಅಂಟು ಒಸರಿ ಹನಿಹನಿಯಾಗಿ ಪುಡಿಯ ಮೇಲೆ ಬಿದ್ದು, ಎರಡು-ಮೂರು ವಾರಕ್ಕೆ ಗಟ್ಟಿಯಾಗುತ್ತದೆ. ಆ ಹನಿಗೆ ಅಲ್ಲಿಯವರು ಕಣ್ಣೀರು ಅನ್ನುತ್ತಾರೆ. ಸಂತ ಇಸಿದೋರನನ್ನು ಕೊಂದಾಗ ಮರಗಳು ಅತ್ತವಂತೆ. ಒಂದು ಮರ ವರ್ಷಕ್ಕೆ ಕೊಡುವುದು ನೂರಿನ್ನೂರು ಗ್ರಾಂ. ಚಳಿಗಾಲವಿಡೀ ಹೆಂಗಸರು ಮೇಜಿನ ಸುತ್ತ ಕೂತು ಚೂರಿಯ ತುದಿಯಿಂದ ಒಂದೊಂದೇ ಹನಿಯ ಮಣ್ಣು ಕೆರೆದು ತೆಗೆಯುತ್ತಾರೆ. ಬಾಯಿಗೆ ಹಾಕಿಕೊಂಡರೆ ಮೊದಲು ಕಹಿ, ಗಾಜಿನ ಚೂರಿನಂತೆ ಪುಡಿ, ಆಮೇಲೆ ಮೆತ್ತಗಾಗಿ ದೇವದಾರು ಮರದ ಘಮ.

ಈ ಹನಿಗಾಗಿಯೇ ಇಟಲಿಯ ಬಂದರು ಪಟ್ಟಣ ಜಿನೋವಾದ ವ್ಯಾಪಾರಿಗಳು 1346ರಿಂದ 1566ರವರೆಗೆ ದ್ವೀಪ ಆಳಿದರು, ಹಳ್ಳಿಗಳಿಗೆ ಕೋಟೆ ಕಟ್ಟಿದರು. ಆಮೇಲೆ ಬಂದ ಟರ್ಕಿಯ ಆಟೋಮನ್ನರ ಅಂತಃಪುರದಲ್ಲೂ ಇದಕ್ಕೆ ಬಲು ಬೇಡಿಕೆ. 1822ರಲ್ಲಿ ಗ್ರೀಕ್ ದಂಗೆಗೆ ಪ್ರತಿಯಾಗಿ ಅವರು ದ್ವೀಪದಲ್ಲಿ ಹತ್ತಾರು ಸಾವಿರ ಜನರನ್ನು ಕೊಂದು, ಇನ್ನಷ್ಟು ಜನರನ್ನು ಗುಲಾಮರಾಗಿ ಮಾರಿದಾಗಲೂ ಮಸ್ತಿಕಾ ಹಳ್ಳಿಗಳನ್ನು ಮೊದಲಿಗೆ ಮುಟ್ಟಲಿಲ್ಲ. 11ನೇ ಶತಮಾನದ ನೆಯಾ ಮೋನಿ ಮಠ ತಪ್ಪಿಸಿಕೊಳ್ಳಲಿಲ್ಲ. ಬಂಗಾರದ ಹಿನ್ನೆಲೆಯ ಮೊಸಾಯಿಕ್ ಚಿತ್ರಗಳನ್ನು ನೋಡಿ ಹೊರಬಂದರೆ, ಬಾಗಿಲ ಪಕ್ಕದ ಸಣ್ಣ ಗುಡಿಯಲ್ಲಿ ಸತ್ತವರ ತಲೆಬುರುಡೆಗಳನ್ನು ಗಾಜಿನ ಬೀರುವಿನಲ್ಲಿ ಇಟ್ಟಿದ್ದಾರೆ. ಮಕ್ಕಳೊಂದಿಗೆ ಹೋಗುವವರು ಇದನ್ನು ಮೊದಲೇ ತಿಳಿದಿರಲಿ.

ಮಸ್ತಿಕಾ ಬೆಳೆಯುವ ಈ ಜ್ಞಾನವನ್ನು ಯುನೆಸ್ಕೊ 2014ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಳೆಗಾರರ ಸಹಕಾರ ಸಂಘ 1938ರಿಂದಲೇ ಇದೆ. ನಮ್ಮ ಅಡಿಕೆಯವರು ಮಾಮ್ಕೋಸ್, ಕ್ಯಾಂಪ್ಕೋ ಮಾತಾಡುವ ಧಾಟಿಯಲ್ಲೇ ಅಲ್ಲಿಯವರೂ ಸಂಘದ ದರ ಮಾತಾಡುತ್ತಾರೆ.

ಪ್ರೊಚಿದಾದಲ್ಲಿ ಏನಿದೆ? ಒಂದು ದಿನ ಸಾಕೇ?

ನೋಡಲು ಒಂದು ದಿನ ಸಾಕು. ಇರಲು ಮೂರು ಬೇಕು. ನೇಪಲ್ಸ್‌ನಿಂದ ವೇಗದ ದೋಣಿಯಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಹಗಲಿಗೆ ಬಂದವರು ಸಂಜೆಯ ದೋಣಿಗೆ ವಾಪಸಾದ ಮೇಲೆ ಊರು ಊರಾಗುತ್ತದೆ.

ಕೊರ್ರಿಚೆಲ್ಲಾ ಎಂಬ ಮೀನುಗಾರರ ಕೇರಿಗೆ ವಾಹನ ಹೋಗುವುದಿಲ್ಲ, ಮೆಟ್ಟಿಲೇ ಗತಿ. ಗುಲಾಬಿ, ಹಳದಿ, ತಿಳಿನೀಲಿ ಮನೆಗಳು ಒಂದರ ಹೆಗಲ ಮೇಲೆ ಒಂದು ನಿಂತಿವೆ. ಕಡಲಿನಿಂದ ಮರಳುವಾಗ ತನ್ನ ಮನೆ ದೂರದಿಂದಲೇ ಗುರುತು ಸಿಗಲಿ ಅಂತ ಬೇರೆ ಬೇರೆ ಬಣ್ಣ ಎಂದು ಎಲ್ಲರೂ ಹೇಳುತ್ತಾರೆ. ನಿಜವೋ ಕಥೆಯೋ, ಕೇಳಲು ಚೆನ್ನಾಗಿದೆ. ಬಲೆಗಳು ದಕ್ಕೆಯ ಮೇಲೇ ಒಣಗುತ್ತಿರುತ್ತವೆ, ತಿಂಡಿಯ ಮೇಜು ಅವುಗಳ ನಡುವೆ. ಬಲೆ ಎತ್ತಲು ಬಂದವನು ನಿಮ್ಮ ಕುರ್ಚಿ ಸರಿಸು ಅಂದರೆ ಸರಿಸಬೇಕು.

ಮೇಲೆ ತೆರ್ರಾ ಮುರಾತಾ ಎಂಬ ಹಳೆಯ ಕೋಟೆಕೇರಿಯಲ್ಲಿ ಸಮುದ್ರದತ್ತ ಮುಖ ಮಾಡಿದ ಒಂದು ಅರಮನೆ ಇದೆ, ಆಮೇಲೆ ಅದು ಜೈಲಾಯಿತು, 1988ರಲ್ಲಿ ಮುಚ್ಚಿತು. 2022ರಲ್ಲಿ ಪ್ರೊಚಿದಾ ಇಟಲಿಯ ಸಾಂಸ್ಕೃತಿಕ ರಾಜಧಾನಿಯಾಯಿತು. ಆ ಪಟ್ಟ ಒಂದು ದ್ವೀಪಕ್ಕೆ ದಕ್ಕಿದ್ದು ಅದೇ ಮೊದಲು. ಶುಭ ಶುಕ್ರವಾರದ ಮೆರವಣಿಗೆಗೆ ಊರ ಹುಡುಗರು ತಿಂಗಳುಗಟ್ಟಲೆ ಗುಟ್ಟಾಗಿ ಸ್ತಬ್ಧಚಿತ್ರ ಕಟ್ಟಿ, ಬಿಳಿ ನಿಲುವಂಗಿ, ನೀಲಿ ಹೊದಿಕೆ ತೊಟ್ಟು, ಬೆಳಗಿನ ಜಾವ ಹೊತ್ತು ತರುತ್ತಾರೆ. ಆ ವಾರ ರೂಮು ಸಿಗುವುದು ಕಷ್ಟ.

ಇನ್ನೊಂದು, ನಿಂಬೆ. ನಮ್ಮ ಮಾದಲಕಾಯಿಯ ಹಾಗೆ ದಪ್ಪ ಬಿಳಿ ತಿರುಳು. ಸಿಪ್ಪೆಯ ಹಳದಿ ಮಾತ್ರ ಹೆರೆದು, ತಿರುಳನ್ನು ಹೋಳು ಮಾಡಿ, ಬೆಳ್ಳುಳ್ಳಿ, ಪುದೀನ, ಒಣಮೆಣಸು, ಎಣ್ಣೆ ಹಾಕಿ ಕಲಸುತ್ತಾರೆ. ಒಗ್ಗರಣೆ ಒಂದು ಇಲ್ಲ ಅನ್ನುವುದು ಬಿಟ್ಟರೆ ನಮ್ಮ ಕೋಸಂಬರಿಯ ತಂಗಿಯೇ.

ವಿಸ್‌ನಲ್ಲಿ ಕ್ರಿಕೆಟ್ ಆಡುತ್ತಾರಂತೆ, ಹೌದಾ?

ಹೌದು ಮಾರಾಯ್ರೆ. ನೆಪೋಲಿಯನ್ ಕಾಲದಲ್ಲಿ ಬ್ರಿಟಿಷ್ ನೌಕಾಪಡೆ ವಿಸ್‌ನಲ್ಲಿ ಠಿಕಾಣಿ ಹೂಡಿತ್ತು. ಕ್ಯಾಪ್ಟನ್ ವಿಲಿಯಂ ಹೋಸ್ಟ್ 1811ರಲ್ಲಿ ಅಲ್ಲೇ ಸಮೀಪದ ಸಮುದ್ರದಲ್ಲಿ ಫ್ರೆಂಚರನ್ನು ಸೋಲಿಸಿದವನು. ಬೇಜಾರು ಕಳೆಯಲು ನಾವಿಕರಿಗೆ ಕ್ರಿಕೆಟ್ ಕ್ಲಬ್ಬನ್ನೂ ಕಟ್ಟಿದ. ಅವರು ಹೋದ ಮೇಲೆ ಆಟವೂ ಹೋಯಿತು. ಸುಮಾರು ಇನ್ನೂರು ವರ್ಷದ ನಂತರ ಊರವರು ಅದನ್ನು ನೆನೆದು ಹೋಸ್ಟ್‌ನ ಹೆಸರಲ್ಲೇ ಹೊಸ ಕ್ಲಬ್ ಶುರು ಮಾಡಿದರು. ಭಾರತದವನು ಅಂದರೆ ಬೌಲಿಂಗ್ ಬರುತ್ತದಾ ಅಂತ ಕೇಳುತ್ತಾರೆ, ತಯಾರಿರಿ.

ದ್ವೀಪ ಹಾಳಾಗದೆ ಉಳಿದದ್ದು ಸೈನ್ಯದಿಂದ. 1944ರಲ್ಲಿ ಯುಗೊಸ್ಲಾವಿಯಾದ ನಾಯಕ ಟಿಟೊ ಇಲ್ಲಿನ ಹುಮ್ ಬೆಟ್ಟದ ಗುಹೆಯಲ್ಲಿ ಕೂತು ಯುದ್ಧ ನಡೆಸಿದ. ಆಮೇಲೆ ಯುಗೊಸ್ಲಾವಿಯಾ ದ್ವೀಪವನ್ನು ಸೇನಾನೆಲೆ ಮಾಡಿ 1989ರವರೆಗೆ ವಿದೇಶಿಯರನ್ನು ಬಿಡಲೇ ಇಲ್ಲ. ಸುತ್ತಲಿನ ದ್ವೀಪಗಳಲ್ಲಿ ಹೋಟೆಲುಗಳು ಎದ್ದಾಗ ಇಲ್ಲಿ ಸುರಂಗ ತೋಡುತ್ತಿದ್ದರು. ಊರವರಿಗೆ ಆಗ ಅದು ನಷ್ಟವೇ, ಎಷ್ಟೋ ಜನ ಊರು ಬಿಟ್ಟರು. ನಾವು ಈಗ ಹೋಗಿ "ಆಹಾ, ಎಷ್ಟು ಚೆಂದ ಉಳಿದಿದೆ" ಅನ್ನುವಾಗ ಇದು ಸ್ವಲ್ಪ ನೆನಪಿರಲಿ.

ವಿಸ್‌ನಲ್ಲೇ ಇರುವ ಕೊಮಿಝಾ ಎಂಬ ಮೀನುಗಾರರ ಊರಿನಲ್ಲಿ ಉಳಿಯಿರಿ. ಡಿಸೆಂಬರ್ 6ರಂದು, ನಾವಿಕರ ಸಂತ ನಿಕೋಲಾಸನ ಹಬ್ಬದಲ್ಲಿ, ಇಗರ್ಜಿಯ ಎದುರು ಒಂದು ಹಳೆಯ ಮರದ ದೋಣಿಯನ್ನು ಸುಡುತ್ತಾರೆ. ಅದರ ಬೂದಿಯನ್ನು ಹೊಸ ದೋಣಿ ಕಟ್ಟುವಾಗ ಸೇರಿಸುವ ರೂಢಿ. ಎಲ್ಲರೂ ಓಡಿ ಹೋಗುವ ನೀಲಿ ಗುಹೆ ನನಗೆ ಅಷ್ಟು ಹಿಡಿಸಲಿಲ್ಲ. ನಡುಬೇಸಿಗೆಯಲ್ಲಿ ದೋಣಿಗಳ ಸಾಲಲ್ಲಿ ಕಾದು, ಒಳಗೆ ಕೆಲವೇ ನಿಮಿಷ.

ಕಾರ್ಲೊಫೋರ್ತೆ?

ಇಟಲಿಯ ದ್ವೀಪ, ಆಡುವುದು ಜಿನೋವಾ ಕಡೆಯ ನುಡಿ, ಹಬ್ಬದಡುಗೆ ಆಫ್ರಿಕಾದ್ದು. ಹೇಗೆಂದರೆ, 16ನೇ ಶತಮಾನದಲ್ಲಿ ಜಿನೋವಾದ ಕಡೆಯ ಜನ ಹವಳ ತೆಗೆಯಲು ಟ್ಯುನೀಶಿಯಾದ ತಬರ್ಕಾಕ್ಕೆ ಹೋಗಿ ನೆಲೆಸಿದರು. ಹವಳ ಮುಗಿಯುತ್ತ ಬಂತು. 1738ರಲ್ಲಿ ಸಾರ್ಡೀನಿಯಾದ ರಾಜ ಖಾಲಿ ಬಿದ್ದಿದ್ದ ಈ ದ್ವೀಪ ಕೊಟ್ಟ, ಒಂದಷ್ಟು ಕುಟುಂಬಗಳು ಬಂದವು. ರಾಜನ ಹೆಸರನ್ನೇ ಊರಿಗಿಟ್ಟರು. 1798ರಲ್ಲಿ ಟ್ಯುನೀಶಿಯಾದ ಕಡಲ್ಗಳ್ಳರು ಬಂದು ಸುಮಾರು 900 ಜನರನ್ನು ಹಿಡಿದೊಯ್ದರು. ಅವರಲ್ಲಿ ಬದುಕುಳಿದವರು ಮರಳಿದ್ದು ಐದು ವರ್ಷದ ನಂತರ. ಇಷ್ಟೆಲ್ಲ ಆದರೂ ಮನೆಮಾತು ತಬರ್ಕೀನೊ ಇಂದಿಗೂ ಉಳಿದಿದೆ, ಪೇಟೆಯಲ್ಲಿ ಮಕ್ಕಳ ಬಾಯಲ್ಲೂ ಕೇಳಬಹುದು. ಗೋವಾ ಬಿಟ್ಟು ಬಂದು ಕುಮಟಾ, ಮಂಗಳೂರಿನಲ್ಲಿ ಕೊಂಕಣಿ ಉಳಿಸಿಕೊಂಡವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಒಂದು ಎಚ್ಚರಿಕೆ: ಮೇ-ಜೂನ್‌ನಲ್ಲಿ ಊರೆಲ್ಲ ಟ್ಯೂನಾಮಯ.

ಸಸ್ಯಾಹಾರಿಗಳು ಬದುಕಬಹುದೇ?

ಗ್ರೀಸಿನಲ್ಲಿ ಆರಾಮಾಗಿ. "ನಿಸ್ತೀಸಿಮೊ" ಎಂಬ ಪದ ಕಲಿತುಕೊಳ್ಳಿ, ಉಪವಾಸದ ಅಡುಗೆ ಎಂದರ್ಥ. ಅವರ ವ್ರತದಲ್ಲಿ ಮಾಂಸ, ಹಾಲು, ಮೊಟ್ಟೆ ಇಲ್ಲ. ಆದರೆ ಸೀಗಡಿ, ಕಪ್ಪೆಬೊಂಡಾಸ್ (ಕಟಲ್‌ಫಿಶ್) ನಡೆಯುತ್ತದೆ, ಹಾಗಾಗಿ ಇನ್ನೊಮ್ಮೆ ಕೇಳಿ. ಟೊಮೆಟೊ ವಡೆ, ಎಣ್ಣೆಯಲ್ಲಿ ಬೇಯಿಸಿದ ಬೆಂಡೆ, ದೊಡ್ಡ ಅವರೆಯಂಥ ಕಾಳು, ಬೇಯಿಸಿದ ಕಾಡುಸೊಪ್ಪಿಗೆ ನಿಂಬೆ ಹಿಂಡಿದ್ದು, ಇವು ಎಲ್ಲ ಕಡೆ ಇವೆ. ಕಾರ್ಲೊಫೋರ್ತೆಯಲ್ಲಿ ಕಡಲೆಹಿಟ್ಟು ಕಲಸಿ ದೊಡ್ಡ ತಟ್ಟೆಯಲ್ಲಿ ಸುಟ್ಟ ದೋಸೆಯಂಥದ್ದು ಸಿಗುತ್ತದೆ, ಹೊಟ್ಟೆ ತುಂಬುತ್ತದೆ. ವಿಸ್‌ನ "ಪೊಗಾಚಾ" ನೋಡಲು ಈರುಳ್ಳಿ ತುಂಬಿದ ರೊಟ್ಟಿ, ಒಳಗೆ ಉಪ್ಪುಮೀನು. ನನ್ನ ಅತ್ತಿಗೆ ಅರ್ಧ ತಿಂದ ಮೇಲೆ ಕೇಳಿದ್ದು.

ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿ ಮುಚ್ಚಿರುತ್ತದೆ. ಬಾಗಿಲು ಬಡಿಯಬೇಡಿ.

ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ. ನಮ್ಮದಕ್ಕೆ ಅಲ್ಲಿಯ ಕಾಲ ತದ್ವಿರುದ್ಧ: ಬೇಸಿಗೆ ಒಣ, ಮಳೆ ಚಳಿಗಾಲದಲ್ಲಿ. ಮೇ ತಿಂಗಳಲ್ಲಿ ಗುಡ್ಡವೆಲ್ಲ ಹೂವು, ಆದರೆ ನೀರು 18-20 ಡಿಗ್ರಿ. ಮಲ್ಪೆಯಲ್ಲಿ ಈಜಿದವರು ಕಾಲಿಟ್ಟು ವಾಪಸ್ ಬರುತ್ತಾರೆ. ಬೇಸಿಗೆಯಿಡೀ ಕಾದ ನೀರು ಸೆಪ್ಟೆಂಬರಿನಲ್ಲೂ ಬೆಚ್ಚಗಿರುತ್ತದೆ.

ಸಮುದ್ರ ನಮ್ಮದಕ್ಕಿಂತ ಅಷ್ಟು ಬೇರೆಯೇ?

ನನಗೆ ಮೊದಲು ವಿಚಿತ್ರ ಅನ್ನಿಸಿದ್ದು ಉಬ್ಬರ ಇಳಿತ ಇಲ್ಲವೇನೋ ಅನ್ನುವಷ್ಟು ಕಡಿಮೆ ಇರುವುದು. ಬೆಳಿಗ್ಗೆ ನೋಡಿದ ಮೆಟ್ಟಿಲಿನ ಆಸುಪಾಸಿನಲ್ಲೇ ಸಂಜೆಯೂ ನೀರು. ಹಾಗಾಗಿಯೇ ಮನೆಯ ಹೊಸ್ತಿಲನ್ನು ಕಡಲಿಗೆ ಅಷ್ಟು ಹತ್ತಿರ ಕಟ್ಟಿದ್ದಾರೆ. ಉಪ್ಪು ಜಾಸ್ತಿ, ಲೀಟರಿಗೆ ಸುಮಾರು 38 ಗ್ರಾಂ. ಬರುವ ಹೊಳೆನೀರಿಗಿಂತ ಆವಿಯಾಗುವುದು ಹೆಚ್ಚು. ತಳ ಕಾಣುವ ಆ ತಿಳಿನೀಲಿಗೆ ಎಲ್ಲರೂ ಮಾರುಹೋಗುತ್ತಾರೆ, ಆದರೆ ಅದು ಬಡತನದ ಬಣ್ಣ. ನೀರಿನಲ್ಲಿ ಪೋಷಕಾಂಶ ಕಡಿಮೆ, ಸೂಕ್ಷ್ಮಜೀವಿ ಕಡಿಮೆ, ಮೀನೂ ಕಡಿಮೆ. ನಮ್ಮ ಕದಡಿದ ನೀರಿನಲ್ಲಿ ಬೂತಾಯಿ, ಬಂಗುಡೆ ರಾಶಿ ಬೀಳುವುದು ಸುಮ್ಮನೆ ಅಲ್ಲ.

ಕೆಲವು ತೀರದಲ್ಲಿ ಕಂದು ಎಲೆಗಳ ರಾಶಿ ಕಂಡು "ಕಸ ಎತ್ತಿಲ್ಲ" ಎಂದು ದೂರಬೇಡಿ. ಅದು ಪೊಸಿಡೋನಿಯಾ ಎಂಬ ಕಡಲಹುಲ್ಲು. ಚಳಿಗಾಲದ ಅಲೆ ಮರಳು ಕೊಚ್ಚದಂತೆ ತಡೆಯುವುದು ಅದೇ.

ಫೆರ್ರಿ ರದ್ದಾಗುತ್ತದಂತೆ?

ಆಗುತ್ತದೆ. ಗ್ರೀಸ್-ಟರ್ಕಿ ನಡುವಿನ ಏಜಿಯನ್ ಸಮುದ್ರದಲ್ಲಿ ಜುಲೈ-ಆಗಸ್ಟ್‌ನಲ್ಲಿ ಬಡಗಣದಿಂದ ಮೆಲ್ತೆಮಿ ಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡ ಇರುವುದಿಲ್ಲ, ಬಿಸಿಲು ಫಳಫಳ, ಆದರೂ ಹಡಗು ಬಿಡುವುದಿಲ್ಲ. ಖಿಯೋಸ್‌ನಲ್ಲಿ ಹೀಗೆ ನಮ್ಮ ರಾತ್ರಿಯ ಹಡಗು ತಪ್ಪಿ, ಅಥೆನ್ಸ್‌ನ ವಿಮಾನವೂ ತಪ್ಪಿ, ಹೊಸ ಟಿಕೆಟಿಗೆ ಸುರಿದ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ತಪ್ಪು ನನ್ನದೇ. ದ್ವೀಪದಿಂದ ಹೊರಡುವ ದಿನಕ್ಕೂ ಊರಿಗೆ ವಿಮಾನ ಹತ್ತುವ ದಿನಕ್ಕೂ ನಡುವೆ ಒಂದು ರಾತ್ರಿ ಬಿಡಿ.

ವೀಸಾ?

ನಾಲ್ಕಕ್ಕೂ ಒಂದೇ ಷೆಂಗೆನ್ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೋ, ವೀಸಾ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಹೆಚ್ಚು ರಾತ್ರಿ ಕಳೆಯುವ ದೇಶಕ್ಕೇ ಅರ್ಜಿ ಹಾಕಬೇಕು. ಆರು ತಿಂಗಳು ಮೊದಲೇ ಹಾಕಲು ಅವಕಾಶವಿದೆ. ಬೇಸಿಗೆಗೆ ಹೋಗುವವರು ಕೊನೆಗಳಿಗೆಯಲ್ಲಿ ಓಡಾಡಬೇಡಿ.

ಖಿಯೋಸ್‌ನಿಂದ ಎದುರಿನ ಟರ್ಕಿಗೆ ದೋಣಿ ಇದೆ, ಆಸೆಯಾಗುತ್ತದೆ. ನಿಮ್ಮದು ಒಂದೇ ಸಲದ ಪ್ರವೇಶದ ವೀಸಾ ಆದರೆ ಹತ್ತಬೇಡಿ, ವಾಪಸ್ ಗ್ರೀಸಿಗೆ ಬಿಡುವುದಿಲ್ಲ.

ವಯಸ್ಸಾದ ಅಪ್ಪ-ಅಮ್ಮನನ್ನು ಕರೆದೊಯ್ಯಬಹುದೇ?

ಮಂಡಿನೋವಿದ್ದರೆ ಪ್ರೊಚಿದಾದ ಕೊರ್ರಿಚೆಲ್ಲಾದಲ್ಲಿ ರೂಮು ಮಾಡಬೇಡಿ. ಲಗೇಜ್ ಹೊತ್ತು ಮೆಟ್ಟಿಲು ಇಳಿಯುವುದು ಹರಕೆ ತೀರಿಸಿದ ಹಾಗಾಗುತ್ತದೆ. ಕಾರ್ಲೊಫೋರ್ತೆಯ ದಕ್ಕೆ ಬದಿ ಸಮತಟ್ಟು. ಅಲ್ಲಿ ಸಂಜೆ ಬೆಂಚಿನ ಮೇಲೆ ಕೂತ ಮುದುಕರ ಸಾಲಿನಲ್ಲಿ ನನ್ನ ಅಪ್ಪ ಭಾಷೆ ಬಾರದೆಯೂ ಒಂದು ಜಾಗ ಗಿಟ್ಟಿಸಿಕೊಂಡಿದ್ದರು.

ಕಾರು ಬಾಡಿಗೆಗೆ ಬೇಕೇ?

ಖಿಯೋಸ್‌ಗೆ ಬೇಕು, 840 ಚದರ ಕಿಲೋಮೀಟರ್ ದ್ವೀಪ ಅದು. ಹಳ್ಳಿಗಳಿಗೆ ಬಸ್ಸು ದಿನಕ್ಕೆ ಬೆರಳೆಣಿಕೆಯಷ್ಟು. ಹೊರಡುವ ಮೊದಲು ನಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ರಸ್ತೆಯ ಬಲಗಡೆ ಓಡಿಸಬೇಕು. ಪ್ರೊಚಿದಾದಲ್ಲಿ ಕಾರು ಸುಮ್ಮನೆ ತಲೆನೋವು.

ಬರುವಾಗ ಏನು ತರಬೇಕು?

ಮಸ್ತಿಕಾ ಹನಿ, ಐವತ್ತು ಗ್ರಾಂ ಸಾಕು. ಪಾಯಸಕ್ಕೆ ನೇರ ಹಾಕಬೇಡಿ. ಪಾತ್ರೆಯ ತಳಕ್ಕೆ ಅಂಟಿಕೊಂಡರೆ ಉಜ್ಜಿದರೂ ಹೋಗುವುದಿಲ್ಲ, ನನ್ನ ಹೆಂಡತಿ ಒಂದು ಸೌಟನ್ನೇ ಬಿಸಾಡಿದ್ದಾಳೆ. ಹನಿಗಳನ್ನು ರಾತ್ರಿ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಒಂದು ಚಮಚ ಸಕ್ಕರೆ ಸೇರಿಸಿ ಕುಟ್ಟಾಣಿಯಲ್ಲಿ ಬೇಗ ಬೇಗ ಕುಟ್ಟಿ. ಪುಡಿಯನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಿ. ನಾಲ್ಕು ಜನರ ಅಕ್ಕಿ ಪಾಯಸಕ್ಕೆ ಮೆಣಸಿನಕಾಳು ಗಾತ್ರದ ಎರಡು ಹನಿ, ಏಲಕ್ಕಿ ಆ ದಿನ ಬೇಡ.